ರಿಪೋರ್ಟ್ ಬರುವಷ್ಟರಲ್ಲಿ

2020ರ ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಸಚಿವಾಲಯ ದೇಶದ ಜಿಲ್ಲೆಗಳನ್ನೆಲ್ಲ ಮೂರು ಬಣ್ಣಗಳಲ್ಲಿ ವಿಂಗಡಿಸಿ ರಾಜ್ಯಗಳಿಗೆ ಪಟ್ಟಿ ಕಳಿಸಿತು. 130 ಜಿಲ್ಲೆ ಕೆಂಪು, 284 ಕಿತ್ತಳೆ, 319 ಹಸಿರು. ದಾವಣಗೆರೆ ಹಸಿರು ಪಟ್ಟಿಯಲ್ಲಿತ್ತು. ಮಾರ್ಚ್‌ನಲ್ಲಿ ವಿದೇಶದಿಂದ ಬಂದವರಲ್ಲಿ ಕಂಡಿದ್ದ ಬೆರಳೆಣಿಕೆಯ ಪ್ರಕರಣಗಳು ಗುಣವಾಗಿ, ಆಮೇಲೆ ವಾರಗಟ್ಟಲೆ ಹೊಸದೊಂದು ಕಂಡಿರಲಿಲ್ಲ. ಆದರೆ ಆ ಪಟ್ಟಿ ಊರಿಗೆ ಮುಟ್ಟುವ ಹೊತ್ತಿಗೆ ಬಾಷಾನಗರದಲ್ಲಿ ಆರೋಗ್ಯ ಸಿಬ್ಬಂದಿಯೊಬ್ಬರಿಗೆ, ಜಾಲಿನಗರದಲ್ಲಿ ಹಿರಿಯರೊಬ್ಬರಿಗೆ ಕೊರೊನಾ ಖಚಿತವಾಗಿತ್ತು. ಅವರ ಸಂಪರ್ಕಕ್ಕೆ ಬಂದವರ ಗಂಟಲು ದ್ರವ ತೆಗೆದು ಪರೀಕ್ಷಿಸುತ್ತ ಹೋದಂತೆ, ಮೇ ಮೊದಲ ವಾರದಲ್ಲಿ ಒಂದೇ ದಿನ 20ಕ್ಕೂ ಹೆಚ್ಚು ಮಂದಿಯ ರಿಪೋರ್ಟ್ ಪಾಸಿಟಿವ್ ಬಂತು. ತಿಂಗಳು ಮುಗಿಯುವಷ್ಟರಲ್ಲಿ ಜಿಲ್ಲೆಯ ಲೆಕ್ಕ ನೂರು ದಾಟಿತ್ತು.

ಒಂದೇ ದಿನ ಇಷ್ಟೊಂದು ಎಲ್ಲಿಂದ ಬಂತು ಎಂದು ಊರೆಲ್ಲ ಕೇಳಿತು. ಒಂದೇ ದಿನ ಬಂದದ್ದು ರಿಪೋರ್ಟ್ ಮಾತ್ರ. ಕೊರೊನಾ ಸೋಂಕು ಮೈಗೆ ಹತ್ತಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವರಿಗೆ 14 ದಿನ. ಮೇ ಮೊದಲ ವಾರ ಪಾಸಿಟಿವ್ ಆದವರಲ್ಲಿ ಬಹುಪಾಲು ಮಂದಿಗೆ ಸೋಂಕು ತಗುಲಿದ್ದು ಏಪ್ರಿಲ್‌ನಲ್ಲಿ, ಅಂದರೆ ಜಿಲ್ಲೆ ಹಸಿರಾಗಿದ್ದ ದಿನಗಳಲ್ಲೇ. ಹಸಿರು ಎನ್ನಲು ಸರ್ಕಾರ ಇಟ್ಟಿದ್ದ ಅಳತೆ, 21 ದಿನ ಒಂದೂ ಖಚಿತ ಪ್ರಕರಣ ಇರಬಾರದು ಎಂಬುದು. ಪ್ರಕರಣ ಖಚಿತವಾಗಬೇಕಾದರೆ ಯಾರಾದರೂ ಪರೀಕ್ಷೆ ಮಾಡಿರಬೇಕು. ಪರೀಕ್ಷೆ ತಲುಪದ ಬೀದಿಯೂ ರೋಗವಿಲ್ಲದ ಬೀದಿಯೂ ಆ ಪಟ್ಟಿಯಲ್ಲಿ ಒಂದೇ ಬಣ್ಣದ್ದು.

ಆ ಮೇ ತಿಂಗಳಲ್ಲಿ ಹಳೇ ದಾವಣಗೆರೆಯ ಕೆಲವು ಬಡಾವಣೆಗಳ ಹೆಸರನ್ನು ಜನ ರೋಗದ ಹೆಸರಿನಂತೆಯೇ ಉಚ್ಚರಿಸಿದರು. ತಗಡು, ಗಳ ಕಟ್ಟಿ ಬೀದಿ ಸೀಲ್‌ಡೌನ್ ಮಾಡಿದಾಗ ಒಳಗಿದ್ದವರೇ ಅಪರಾಧಿಗಳು ಎಂಬಂತೆ ಮಾತು ಹರಡಿತು. ಇದು ದೊಡ್ಡ ಅನ್ಯಾಯ ಎಂದೇ ನಾನು ಹೇಳುತ್ತೇನೆ. ಆ ಬೀದಿಗಳಲ್ಲಿ ಸೋಂಕು ಕಂಡದ್ದು ಅಲ್ಲಿ ಹುಡುಕಿದ್ದರಿಂದ. ಮೂಗಿಗೆ, ಗಂಟಲಿಗೆ ಕಡ್ಡಿ ಹಾಕಿಸಿಕೊಂಡು, ರಿಪೋರ್ಟ್ ಬರುವವರೆಗೆ ಹಾಸ್ಟೆಲ್ ಕೋಣೆಯಲ್ಲೋ ಲಾಡ್ಜ್‌ನಲ್ಲೋ ಕ್ವಾರಂಟೈನ್ ಕೂತವರು ಇಡೀ ಊರಿಗೆ ಉಪಕಾರ ಮಾಡಿದರು. ಅವರಲ್ಲಿ ಒಬ್ಬೊಬ್ಬರು ಪತ್ತೆಯಾದಾಗಲೂ ಮುಂದೆ ಅವರಿಂದ ಹತ್ತಬಹುದಾಗಿದ್ದ ಸರಪಳಿಯೊಂದು ತುಂಡಾಯಿತು. ಅಂಕಿ ಏರಿದಾಗ ಭಯಪಡುವುದು ಸಹಜ. ಆದರೆ ಹುಡುಕಾಟ ಹೆಚ್ಚಿದ್ದರಿಂದ ಏರಿದ ಅಂಕಿ ಬೇರೆ, ರೋಗ ಹೆಚ್ಚಿದ್ದರಿಂದ ಏರಿದ ಅಂಕಿ ಬೇರೆ. ಎರಡನ್ನೂ ಬೇರ್ಪಡಿಸಲು ಒಂದು ಸರಳ ದಾರಿ ಇದೆ: ನೂರು ಪರೀಕ್ಷೆಗೆ ಎಷ್ಟು ಪಾಸಿಟಿವ್ ಎಂದು ನೋಡುವುದು. ಪರೀಕ್ಷೆ ಇಮ್ಮಡಿಯಾದರೂ ಈ ಪ್ರಮಾಣ ಇಳಿಯುತ್ತಿದ್ದರೆ ಹುಡುಕಾಟ ರೋಗಕ್ಕಿಂತ ಮುಂದಿದೆ ಎಂದರ್ಥ. ಪರೀಕ್ಷೆ ಅಷ್ಟೇ ಇದ್ದು ಪ್ರಮಾಣ ಏರುತ್ತಿದ್ದರೆ ರೋಗ ನಮ್ಮನ್ನು ಹಿಂದೆ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲಿ ಇಟ್ಟ ಗೆರೆ ಶೇ 5. ಎರಡು ವಾರ ಅದಕ್ಕಿಂತ ಕೆಳಗಿದ್ದರೆ ಮಾತ್ರ ನಿರ್ಬಂಧ ಸಡಿಲಿಸಬಹುದು ಎಂಬುದು ಅದರ ಸಲಹೆಯಾಗಿತ್ತು. ಪತ್ರಿಕೆಗಳ ಮುಖಪುಟದಲ್ಲಿ ದಿನವೂ ದಪ್ಪಕ್ಷರದಲ್ಲಿ ಬರುತ್ತಿದ್ದದ್ದು ಮಾತ್ರ ಪಾಸಿಟಿವ್ ಸಂಖ್ಯೆ. ಎಷ್ಟು ಮಂದಿಯನ್ನು ಪರೀಕ್ಷಿಸಿದಾಗ ಅಷ್ಟು ಎಂಬುದು ಒಳಪುಟದಲ್ಲೆಲ್ಲೋ ಉಳಿಯುತ್ತಿತ್ತು.

ಪರೀಕ್ಷೆಯ ವಿಷಯದಲ್ಲಿ ನಾವು ಸಂಖ್ಯೆಯನ್ನು ಮಾತಾಡಿದಷ್ಟು ಸಮಯವನ್ನು ಮಾತಾಡಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಭಾರತದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯದು. ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗಿದ್ದದ್ದು ಕೊರೊನಾ ಎಂದು ಖಚಿತವಾದದ್ದು ಮಾರ್ಚ್ 12ಕ್ಕೆ. ಅಷ್ಟರಲ್ಲಿ ಅವರನ್ನು ಕಲಬುರಗಿಯಿಂದ ಹೈದರಾಬಾದಿಗೆ ಕರೆದೊಯ್ದು ಅಲ್ಲಿಂದ ವಾಪಸ್ ತರಲಾಗಿತ್ತು. ಆರೈಕೆ ಮಾಡಿದವರು, ವೈದ್ಯರು, ಆಂಬುಲೆನ್ಸಿನವರು ಯಾರಿಗೂ ತಾವು ಯಾವ ರೋಗದ ಪಕ್ಕ ಕೂತಿದ್ದೇವೆ ಎಂಬುದು ಖಾತ್ರಿಯಾಗಿ ಗೊತ್ತಿರಲಿಲ್ಲ. ಅಂದು ರಾಜ್ಯದಲ್ಲಿ ಈ ಪರೀಕ್ಷೆ ಮಾಡಬಲ್ಲ ಪ್ರಯೋಗಾಲಯಗಳೇ ತೀರ ಕಡಿಮೆ. ಮಾರ್ಚ್ ಕಳೆದರೂ ಬೆಂಗಳೂರು, ಮೈಸೂರು, ಹಾಸನ, ಶಿವಮೊಗ್ಗದಂಥ ಕೆಲವೇ ಊರುಗಳಲ್ಲಿ ಆ ಸೌಲಭ್ಯ ಇತ್ತು. ದಾವಣಗೆರೆಯಲ್ಲಿ ತೆಗೆದ ಗಂಟಲು ದ್ರವ ಐಸ್ ಪೆಟ್ಟಿಗೆಯಲ್ಲಿ ಬೇರೆ ಜಿಲ್ಲೆಗೆ ಹೋಗಿ, ಅಲ್ಲಿ ಸರದಿ ಕಾದು, ಉತ್ತರ ಹೊತ್ತು ಮರಳಬೇಕಿತ್ತು. ಎರಡೆರಡು ವೈದ್ಯಕೀಯ ಕಾಲೇಜು ಇರುವ, ಜೆಜೆಎಂ ಕಾಲೇಜಿಗೆ 1965ರಿಂದಲೂ ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುವ ಊರಿನ ಕಥೆ ಇದು. ಊರಿನಲ್ಲೇ ಪ್ರಯೋಗಾಲಯ ಆಗಲು ತಿಂಗಳುಗಳು ಹಿಡಿದವು.

ಒಂದೆರಡು ದಿನ ತಡವಾದರೆ ಏನು ಎಂದು ಕೇಳುವವರಿಗೆ ನೆದರ್‌ಲೆಂಡ್ಸ್‌ನ ಸಂಶೋಧಕರ ತಂಡವೊಂದು 2020ರಲ್ಲೇ ಲೆಕ್ಕ ಹಾಕಿ ಉತ್ತರ ಕೊಟ್ಟಿತು. ಲಕ್ಷಣ ಕಂಡ ದಿನವೇ ಪರೀಕ್ಷೆಯಾಗಿ ಸಂಪರ್ಕಿತರನ್ನು ತಡವಿಲ್ಲದೆ ಹುಡುಕಿದರೆ ಮುಂದೆ ಹಬ್ಬಬಹುದಾದ ಸೋಂಕಿನಲ್ಲಿ ಶೇ 80ರವರೆಗೂ ತಡೆಯಬಹುದು. ಪರೀಕ್ಷೆಯೇ ಮೂರು ದಿನ ತಡವಾದರೆ, ಆಮೇಲೆ ಸಂಪರ್ಕಿತರನ್ನು ಎಷ್ಟೇ ಚುರುಕಾಗಿ ಹುಡುಕಿದರೂ ರೋಗ ಬೆಳೆಯುವುದನ್ನು ನಿಲ್ಲಿಸಲು ಆಗದು. ಕಾರಣ ಸುಲಭ. ಕೊರೊನಾ ಅತಿ ಹೆಚ್ಚು ಹರಡುವುದು ಲಕ್ಷಣ ಕಾಣುವ ಒಂದೆರಡು ದಿನ ಮುಂಚೆ ಮತ್ತು ಕಂಡ ಮೊದಲ ಕೆಲವು ದಿನ. ಐದನೇ ದಿನ ಕೈಗೆ ಬಂದ ರಿಪೋರ್ಟ್ ಎಷ್ಟೇ ಕರಾರುವಾಕ್ಕಾಗಿದ್ದರೂ ಅದು ಹಬ್ಬಿ ಮುಗಿದ ಸೋಂಕಿನ ದಾಖಲೆ.

ಇದನ್ನು ನಮ್ಮ ನಾಡು ಕೊರೊನಾದಿಂದ ಕಲಿಯಬೇಕಾಗಿರಲಿಲ್ಲ. ಮಲೇರಿಯಾ ಆಗಲೇ ಕಲಿಸಿತ್ತು. 1958ರಲ್ಲಿ ರಾಷ್ಟ್ರೀಯ ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ, ಡಿಡಿಟಿ ಹೊಡೆಯುವುದರ ಜತೆಗೆ ಇನ್ನೊಂದು ಕೆಲಸವೂ ಇತ್ತು. ಆರೋಗ್ಯ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಜ್ವರ ಬಂದವರು ಇದ್ದಾರೆಯೇ ಎಂದು ವಿಚಾರಿಸಿ, ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ತೆಗೆದು, ಕ್ಲೋರೋಕ್ವಿನ್ ಮಾತ್ರೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ವರ್ಷಕ್ಕೆ ನೂರು ಜನರಲ್ಲಿ ಕನಿಷ್ಠ ಹತ್ತು ಜನರ ರಕ್ತ ನೋಡಿರಬೇಕು ಎಂಬ ನಿಯಮ ಇತ್ತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಹಿಡಿಯುತ್ತಿದ್ದ ಮಲೇರಿಯಾ 1960ರ ದಶಕದ ನಡುವಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಆಮೇಲೆ ಅದು ಮತ್ತೆ ತಲೆಯೆತ್ತಿತು. ಸೊಳ್ಳೆಗಳು ಡಿಡಿಟಿಗೆ ಜಗ್ಗದಾದವು, ಹಣ ಮತ್ತು ಔಷಧದ ಪೂರೈಕೆ ತಪ್ಪಿತು. ಇವುಗಳ ಜತೆಗೆ ಹೆಚ್ಚು ಸುದ್ದಿಯಾಗದ ಇನ್ನೊಂದು ಕಾರಣವೂ ಇತ್ತು: ಪ್ರಯೋಗಾಲಯಗಳಲ್ಲಿ ನೋಡದೇ ಉಳಿದ ರಕ್ತದ ಪಟ್ಟಿಗಳು ರಾಶಿ ಬಿದ್ದವು. ಪಟ್ಟಿಯಲ್ಲಿ ಮಲೇರಿಯಾ ಇದೆ ಎಂದು ತಿಳಿಯುವ ಹೊತ್ತಿಗೆ ಆ ಮನೆಯ ಸೊಳ್ಳೆ ಪಕ್ಕದ ಮನೆಗಳಿಗೂ ಹೋಗಿ ಬಂದಿರುತ್ತಿತ್ತು. 1976ರಲ್ಲಿ ದೇಶದ ಮಲೇರಿಯಾ ಪ್ರಕರಣಗಳು 64 ಲಕ್ಷ ದಾಟಿದವು. ರಕ್ತ ತೆಗೆಯುವುದು ನಿಂತಿರಲಿಲ್ಲ, ನೋಡುವುದು ಹಿಂದೆ ಬಿದ್ದಿತ್ತು.

ಹಾಗಾದರೆ ಎಲ್ಲರನ್ನೂ ಒಂದೇ ಸಲ ಪರೀಕ್ಷಿಸಿಬಿಟ್ಟರೆ ಆಗದೇ? ಇಟಲಿಯ ವೋ ಎಂಬ ಪುಟ್ಟ ಊರು ಅದನ್ನು ಮಾಡಿತು. ಅಲ್ಲಿನ ಜನಸಂಖ್ಯೆ ಸುಮಾರು ಮೂರು ಸಾವಿರ. 2020ರ ಫೆಬ್ರುವರಿ 21ರಂದು ಊರಿನಲ್ಲಿ ಒಂದು ಕೊರೊನಾ ಸಾವಾದ ಕೂಡಲೇ ಊರನ್ನು ಮುಚ್ಚಿ ಹೆಚ್ಚುಕಡಿಮೆ ಎಲ್ಲರ ಗಂಟಲು ದ್ರವ ತೆಗೆದರು, ಎರಡು ವಾರದ ಕೊನೆಗೆ ಮತ್ತೊಮ್ಮೆ ತೆಗೆದರು. ಮೊದಲ ಸಲ ಶೇ 2.6 ಇದ್ದ ಸೋಂಕು ಎರಡನೇ ಸಲ ಶೇ 1.2ಕ್ಕೆ ಇಳಿದಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅಲ್ಲಿ ತಿಳಿಯಿತು: ಸೋಂಕಿತರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ. ಜ್ವರ, ಕೆಮ್ಮು ಇದ್ದವರನ್ನಷ್ಟೇ ಪರೀಕ್ಷಿಸಿದ್ದರೆ ಇವರೆಲ್ಲ ತಪ್ಪಿಸಿಕೊಳ್ಳುತ್ತಿದ್ದರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿ ನೋಡಿದರೆ ಸಾಕು, ಯಾಕೆಂದರೆ ಇಡೀ ಪಾತ್ರೆಗೆ ತಾಕಿದ್ದು ಒಂದೇ ಉರಿ. ಸೋಂಕು ಹಾಗೆ ಸಮನಾಗಿ ಹರಡುವುದಿಲ್ಲ. ಒಂದು ಓಣಿಯಲ್ಲಿ ಮನೆಮನೆಗೂ ಇದ್ದು ಮುಂದಿನ ಓಣಿಯಲ್ಲಿ ಹೆಸರಿಗೂ ಇರದೆ ಹೋಗಬಹುದು.

ಆದರೆ ವೋ ಊರಿನ ದಾರಿಯನ್ನು ದೊಡ್ಡ ಊರಿಗೆ ತಂದಾಗ ತೊಡಕು ಶುರುವಾಗುತ್ತದೆ. 2011ರ ಜನಗಣತಿಯಲ್ಲೇ 80 ಸಾವಿರ ದಾಟಿದ್ದ, ದಾವಣಗೆರೆ ಜಿಲ್ಲೆಯ ಹರಿಹರವನ್ನು ತೆಗೆದುಕೊಳ್ಳೋಣ. ಸಾವಿರಕ್ಕೆ ಒಬ್ಬರಿಗೆ ಸೋಂಕಿದೆ ಎಂದುಕೊಂಡರೆ ಊರಿನಲ್ಲಿ 80 ಸೋಂಕಿತರು. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಉತ್ತರ ಕೊಡುವ ರ‍್ಯಾಪಿಡ್ ಆ್ಯಂಟಿಜೆನ್ ಕಿಟ್ ಹಿಡಿದು ಎಲ್ಲರನ್ನೂ ಪರೀಕ್ಷಿಸುತ್ತೇವೆ. ಆ ಕಿಟ್ ನೂರು ಸೋಂಕಿತರಲ್ಲಿ 70 ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ 80ರಲ್ಲಿ 56 ಮಂದಿ ಸಿಕ್ಕಿದರು, 24 ಮಂದಿ ನೆಗೆಟಿವ್ ಚೀಟಿ ಹಿಡಿದು ನಿರಾಳವಾಗಿ ಸಂತೆಗೆ ಹೋದರು. ಇತ್ತ ಏನೂ ಇಲ್ಲದ ಸುಮಾರು 800 ಜನ ಪಾಸಿಟಿವ್ ಆದರು. ಪಾಸಿಟಿವ್ ಬಂದ ಪ್ರತಿ ಹದಿನೈದು ಮಂದಿಯಲ್ಲಿ ನಿಜವಾದ ಸೋಂಕಿತರು ಒಬ್ಬರು. ಕಿಟ್ ಕೆಟ್ಟದ್ದಲ್ಲ, ರೋಗ ಅಪರೂಪವಾಗಿರುವ ಕಡೆ ಅದನ್ನು ಬೀಸಿದ್ದು ಸರಿಯಲ್ಲ. ಅದೇ ಕಿಟ್ಟನ್ನು ಸೋಂಕು ಕಂಡ ಓಣಿಯ ಇನ್ನೂರು ಜನರ ಮೇಲೆ ಬಳಸಿ, ಅಲ್ಲಿ ಐವರಲ್ಲಿ ಒಬ್ಬರಿಗೆ ಸೋಂಕಿದ್ದರೆ, 40ರಲ್ಲಿ 28 ಜನ ಸಿಗುತ್ತಾರೆ; ತಪ್ಪಾಗಿ ಪಾಸಿಟಿವ್ ಆಗುವವರು ಇಬ್ಬರೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಜೂನ್‌ನಲ್ಲಿ ಆ್ಯಂಟಿಜೆನ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗ ಹಾಕಿದ ಷರತ್ತಿಗೆ ಕಾರಣ ಈ ಲೆಕ್ಕವೇ. ಅದು ಮೊದಲು ಒಪ್ಪಿದ ಕಿಟ್ ಸೋಂಕಿತರನ್ನು ಹಿಡಿಯುವ ಪ್ರಮಾಣ ಶೇ 50ರಿಂದ 84ರ ನಡುವೆ ಇತ್ತು. ಆದ್ದರಿಂದ ಪಾಸಿಟಿವ್ ಬಂದರೆ ಪಾಸಿಟಿವ್ ಎಂದೇ ಪರಿಗಣಿಸಿ, ಲಕ್ಷಣವಿದ್ದೂ ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು ಎಂಬುದು ಷರತ್ತು. ಆರ್‌ಟಿಪಿಸಿಆರ್ ವೈರಸ್ಸಿನ ವಂಶವಾಹಿಯ ತುಣುಕನ್ನು ಸುತ್ತಿಗೊಮ್ಮೆ ಇಮ್ಮಡಿ ಮಾಡುತ್ತ ಹೋಗುತ್ತದೆ. 20 ಸುತ್ತಿಗೆ ಒಂದು ತುಣುಕು ಹತ್ತು ಲಕ್ಷವಾಗುತ್ತದೆ. ಹಾಗಾಗಿ ಅದರ ಕಣ್ಣಿಗೆ ಬೀಳದೆ ಉಳಿಯುವುದು ಕಷ್ಟ. ಆದರೆ ಯಂತ್ರ, ತಂತ್ರಜ್ಞರು, ಗಂಟೆಗಟ್ಟಲೆ ಸಮಯ ಬೇಕು. ಹೊರೆ ಇಳಿಸಲು ಐದು ಜನರ ದ್ರವ ಬೆರೆಸಿ ಒಂದೇ ಪರೀಕ್ಷೆ ಮಾಡುವ ವಿಧಾನಕ್ಕೂ ಮಂಡಳಿ ಏಪ್ರಿಲ್‌ನಲ್ಲೇ ಅನುಮತಿ ಕೊಟ್ಟಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರುವವರ ರಕ್ತದಲ್ಲಿ ಸಿಫಿಲಿಸ್ ಹುಡುಕಲು ರಾಬರ್ಟ್ ಡಾರ್ಫ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1943ರಲ್ಲಿ ಸೂಚಿಸಿದ ಉಪಾಯ ಅದು. ನೂರರಲ್ಲಿ ಒಬ್ಬರಿಗೆ ಸೋಂಕಿದ್ದರೆ ನೂರು ಪರೀಕ್ಷೆಯ ಬದಲು 25ರಲ್ಲಿ ಕೆಲಸ ಮುಗಿಯುತ್ತದೆ: ಐದೈದರ 20 ಗುಂಪು, ಪಾಸಿಟಿವ್ ಆದ ಒಂದು ಗುಂಪಿನ ಐವರಿಗೆ ಮತ್ತೊಮ್ಮೆ. ಸೋಂಕು ಹೆಚ್ಚಿರುವ ಕಡೆ ಇದು ನಡೆಯದು, ಗುಂಪುಗಳೆಲ್ಲ ಪಾಸಿಟಿವ್ ಆಗಿಬಿಡುತ್ತವೆ.

ಇಷ್ಟೆಲ್ಲ ಮಾಡಿಯೂ ನಮ್ಮ ಕಣ್ಣಿಗೆ ಬಿದ್ದದ್ದೆಷ್ಟು? 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಲ್ಲ ಜಿಲ್ಲೆಗಳಲ್ಲಿ 15 ಸಾವಿರಕ್ಕೂ ಹೆಚ್ಚು ಜನರ ರಕ್ತ ಮತ್ತು ಗಂಟಲು ದ್ರವ ತೆಗೆದು ಸಮೀಕ್ಷೆ ಮಾಡಿಸಿತು. ರಾಜ್ಯದ ಶೇ 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಜನರಿಗೆ, ಸೋಂಕು ಆಗ ಇತ್ತು ಅಥವಾ ಅದಾಗಲೇ ಬಂದು ಹೋಗಿತ್ತು. ಪತ್ತೆಯಾದ ಒಂದು ಪ್ರಕರಣಕ್ಕೆ ಸುಮಾರು 40 ಸೋಂಕು. ಪರೀಕ್ಷೆಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳ ಸಾಲಿನಲ್ಲಿದ್ದಾಗಲೇ ಬಂದ ಲೆಕ್ಕ ಇದು. ಪರೀಕ್ಷೆಗೆ ಬಾರದವರೇ ಈ ರೋಗದ ಮುಖ್ಯ ಕಥೆ.

ಅವರು ಯಾಕೆ ಬರಲಿಲ್ಲ? ಲಕ್ಷಣವೇ ಇಲ್ಲದವರ ಮಾತು ಬಿಡಿ. ಮೈ ಬಿಸಿಯಾಗಿದ್ದೂ ಬಾರದವರು ಬಹಳ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು, ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರು, ಎಪಿಎಂಸಿಯ ಹಮಾಲರು, ಇವರಿಗೆ ಪಾಸಿಟಿವ್ ಎಂಬ ಉತ್ತರದ ಬೆಲೆ ಎಷ್ಟಿತ್ತೆಂದು ಲೆಕ್ಕ ಹಾಕಿ ನೋಡಿ. 14 ದಿನದ ಕೂಲಿ ಹೋಗುತ್ತಿತ್ತು. ಮನೆ ಮುಂದೆ ಗಳ ಬೀಳುತ್ತಿತ್ತು. ಓಣಿಯವರು ನಲ್ಲಿಯ ಹತ್ತಿರ ಬಿಡುತ್ತಿರಲಿಲ್ಲ. ನೆಗೆಟಿವ್ ಬಂದರೆ ಸಿಗುತ್ತಿದ್ದದ್ದು ಒಂದು ಚೀಟಿ. ಇಂಥ ಪರೀಕ್ಷೆಗೆ ಬುದ್ಧಿ ಇದ್ದವರು ಹೋಗದೇ ಇರುವುದೇ ಸಹಜ. ಜಾಗೃತಿ ಜಾಥಾ, ಆಟೋದ ಮೈಕು ಇದನ್ನು ಬದಲಿಸಲಾರವು. ಪಾಸಿಟಿವ್ ಎಂದು ಗೊತ್ತಾದ ದಿನವೇ ಮನೆಗೆ ರೇಷನ್ ಬಂದು, ಕೂಲಿಯ ಒಂದು ಭಾಗ ಖಾತೆಗೆ ಬೀಳುತ್ತದೆ ಎಂಬ ಭರವಸೆ ಇದ್ದರೆ ಬದಲಾಗುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬೈಗುಳ ತಿಂದದ್ದು ಅವರ ಕೈಯಲ್ಲಿ ಕೊಡಲು ಏನೂ ಇರಲಿಲ್ಲವೆಂಬ ಕಾರಣಕ್ಕೆ. ಕೇಳಲು ಪ್ರಶ್ನೆಗಳಷ್ಟೇ ಇದ್ದವು.

ಕ್ಷಯದ ವಿಷಯದಲ್ಲಿ ಈ ಅರಿವು ಸ್ವಲ್ಪ ಬಂದಿದೆ. ಚಿಕಿತ್ಸೆಯಲ್ಲಿರುವ ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000ಕ್ಕೆ ಏರಿತು. ಕಡಿಮೆಯೇ, ಆದರೂ ಪರೀಕ್ಷೆಯ ಆಚೆಗೆ ಏನೋ ಇದೆ ಎಂದು ಅದು ಹೇಳುತ್ತದೆ. ಪತ್ತೆ ಮಾಡುವ ಕೆಲಸ ಮಾತ್ರ ಇನ್ನೂ ಹಿಂದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣ ಇದ್ದವರಲ್ಲಿ ಸುಮಾರು ಶೇ 64 ಮಂದಿ ವೈದ್ಯರ ಬಳಿಗೇ ಹೋಗಿರಲಿಲ್ಲ. ಎದೆಯ ಎಕ್ಸ್‌ರೇ ತೆಗೆಯದೆ ಕೆಮ್ಮು ಇದೆಯೇ ಎಂದು ಕೇಳಿದ್ದಷ್ಟೇ ಆಗಿದ್ದರೆ ಸಿಕ್ಕ ರೋಗಿಗಳಲ್ಲಿ ಶೇ 42ಕ್ಕೂ ಹೆಚ್ಚು ಮಂದಿ ತಪ್ಪಿಹೋಗುತ್ತಿದ್ದರು. ಭಟ್ಟಿಯ ಹೊಗೆಯಲ್ಲಿ ದಿನವಿಡೀ ನಿಲ್ಲುವವರು ಕೆಮ್ಮನ್ನು ಕೆಲಸದ ಭಾಗವೆಂದೇ ತಿಳಿಯುತ್ತಾರೆ. ಅವರಾಗಿ ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಬರಲಿ ಎಂದು ಕಾಯುವುದು ತಪ್ಪು. ಎಕ್ಸ್‌ರೇ ಯಂತ್ರ ಈಗ ಕೈಚೀಲದಲ್ಲಿ ಹಿಡಿಸುವಷ್ಟು ಚಿಕ್ಕದಾಗಿದೆ, ಅದೇ ಭಟ್ಟಿಯ ಬಾಗಿಲಿಗೆ ಹೋಗಬೇಕು. ಹೋಗುವಾಗ ಒಂದು ದಿನದ ಕೂಲಿ ಕಳೆಯದ ಹೊತ್ತು ನೋಡಿ ಹೋಗಬೇಕು.

ಇನ್ನು ಮಳೆಗಾಲದ ಡೆಂಗಿ. ನಲ್ಲಿ ನೀರು ದಿನವೂ ಬಾರದ ಬೀದಿಗಳಲ್ಲಿ ಡ್ರಮ್ಮು, ಸಿಂಟೆಕ್ಸ್, ಕೊಡಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ, ಅದರಲ್ಲಿ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದೂ ಖಂಡಿತ. 2024ರಲ್ಲಿ ರಾಜ್ಯದಲ್ಲಿ ಡೆಂಗಿ ವಿಪರೀತವಾದಾಗ ಸರ್ಕಾರ ಜುಲೈನಲ್ಲಿ ಖಾಸಗಿ ಪ್ರಯೋಗಾಲಯಗಳ ದರಕ್ಕೆ ಮಿತಿ ಹಾಕಿತು: ಎನ್‌ಎಸ್1 ಎಲೈಸಾಕ್ಕೆ 300 ರೂಪಾಯಿ, ಐಜಿಎಂ ಎಲೈಸಾಕ್ಕೆ 300. ಇಲ್ಲಿಯೂ ಸಮಯದ್ದೇ ಮಾತು. ಎನ್‌ಎಸ್1 ವೈರಸ್ಸಿನದೇ ಪ್ರೋಟೀನನ್ನು ಹುಡುಕುವುದರಿಂದ ಜ್ವರದ ಮೊದಲ ಐದು ದಿನದೊಳಗೆ ಮಾಡಿಸಿದರೆ ಹೆಚ್ಚು ಉಪಯೋಗ. ಐಜಿಎಂ ನಮ್ಮ ಮೈ ತಯಾರಿಸಿಕೊಂಡ ಪ್ರತಿಕಾಯವನ್ನು ಹುಡುಕುತ್ತದೆ, ಐದು ದಿನದ ನಂತರ ಮಾಡಿಸಿದರೆ ಅರ್ಥ. ತಿರುವುಮುರುವು ಮಾಡಿದರೆ ಡೆಂಗಿ ಇದ್ದೂ ನೆಗೆಟಿವ್ ಬರಬಹುದು. ಇನ್ನೊಂದು ತೊಡಕು, ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಬಳಸುವ ಕಾರ್ಡ್ ಪರೀಕ್ಷೆಯ ಪಾಸಿಟಿವ್ ಸರ್ಕಾರದ ಲೆಕ್ಕದಲ್ಲಿ ಖಚಿತ ಪ್ರಕರಣ ಎನಿಸುವುದಿಲ್ಲ. ಎಲೈಸಾ ಆದದ್ದೇ ಲೆಕ್ಕ. ಖಾಸಗಿ ಕ್ಲಿನಿಕ್ಕಿನಲ್ಲಿ ಕಾರ್ಡ್ ಪಾಸಿಟಿವ್ ಆದ ಮಗುವಿನ ರಕ್ತ ಎಲೈಸಾಕ್ಕೆ ಹೋಗದಿದ್ದರೆ, ಆ ಮಗುವಿನ ಮನೆಯ ಸುತ್ತ ಲಾರ್ವಾ ಹುಡುಕಲು ಯಾರೂ ಬರದೇ ಹೋಗಬಹುದು.

ಹರಿಹರದ ವಿಷಯಕ್ಕೆ ಬಂದಾಗ ಇನ್ನೊಂದು ಮಾತಿದೆ. ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿನ ಕಾರ್ಖಾನೆಗಳಿಗೆ ಹರಿಹರದಿಂದ ದಿನವೂ ಪಾಳಿ ಪಾಳಿಯಲ್ಲಿ ಜನ ಹೋಗಿಬರುತ್ತಾರೆ. ಆ ಕಡೆಯವರು ಸಂತೆಗೆ, ಆಸ್ಪತ್ರೆಗೆ ಈ ಕಡೆ ಬರುತ್ತಾರೆ. ಆದರೆ ಹರಿಹರ ದಾವಣಗೆರೆ ಜಿಲ್ಲೆ, ಕುಮಾರಪಟ್ಟಣ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಜ್ವರದ ಲೆಕ್ಕ ಒಂದು ದಾವಣಗೆರೆಗೆ ಹೋಗುತ್ತದೆ, ಇನ್ನೊಂದು ಹಾವೇರಿಗೆ. ಒಂದೇ ಪಾಳಿಯಲ್ಲಿ ಅಕ್ಕಪಕ್ಕ ನಿಂತು ದುಡಿದ ಇಬ್ಬರಿಗೆ ಒಂದೇ ವಾರ ಜ್ವರ ಬಂದರೆ ಎರಡು ಜಿಲ್ಲೆಗಳ ಪಟ್ಟಿಯಲ್ಲಿ ಒಂದೊಂದು ಬಿಡಿ ಪ್ರಕರಣವಾಗಿ ಅವು ಉಳಿಯುತ್ತವೆ. ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಇದಕ್ಕೆ ಬೇಡ. ಹರಿಹರದ ತಾಲ್ಲೂಕು ಆರೋಗ್ಯಾಧಿಕಾರಿಯೂ ರಾಣೆಬೆನ್ನೂರಿನ ತಾಲ್ಲೂಕು ಆರೋಗ್ಯಾಧಿಕಾರಿಯೂ ವಾರಕ್ಕೊಮ್ಮೆ ಜ್ವರ ಮತ್ತು ಪಾಸಿಟಿವ್ ಪಟ್ಟಿಯನ್ನು ಬೀದಿ, ಕಾರ್ಖಾನೆ, ಪಾಳಿಯ ಸಮೇತ ಒಟ್ಟಿಗೆ ಇಟ್ಟು ನೋಡಲಿ. ಎರಡೂ ಕಡೆಯ ರಕ್ತ ಹತ್ತಿರದ ಒಂದೇ ಪ್ರಯೋಗಾಲಯಕ್ಕೆ ಬಂದು, 24 ಗಂಟೆಯೊಳಗೆ ಉತ್ತರ ರೋಗಿಯ ಮೊಬೈಲಿಗೂ ಆ ವಾರ್ಡಿನ ಆಶಾ ಕಾರ್ಯಕರ್ತೆಯ ಮೊಬೈಲಿಗೂ ಹೋಗಲಿ. ಮುಂದಿನ ಮುಂಗಾರಿಗೆ ಮೊದಲೇ ಎರಡು ಜಿಲ್ಲೆಯ ಆಡಳಿತಗಳು ಮಾತಾಡಿಕೊಂಡರೆ ಇದು ಒಂದು ಸುತ್ತೋಲೆಯಲ್ಲಿ ಆಗುವ ಕೆಲಸ.